ಮೇಣದಬತ್ತಿಯ ಸಭೆಗೆ ಯಾವ ಲೆನ್ಸ್?

ಸೆಪ್ಟೆಂಬರ್ 5 ಬಂತೆಂದರೆ ಗೌರಿ ಲಂಕೇಶ್ ನೆನಪಿನ ಸಭೆಗಳ ಫೋಟೊ ಕಾಣತೊಡಗುತ್ತವೆ. 2017ರಲ್ಲಿ ಕೊಲೆಯಾದ ಬೆನ್ನಿಗೇ ಬೆಂಗಳೂರಿನ ಟೌನ್‌ಹಾಲ್ ಮುಂದೆ ಜನ ಸೇರಿದ್ದರು. ‘ನಾನು ಗೌರಿ’ ಫಲಕಗಳು ಆಗಿನವು. ಇಂಥ ಸಭೆಯ ಚಿತ್ರದಲ್ಲಿ ಎಷ್ಟು ಜನ ಬಂದಿದ್ದರು ಅನ್ನುವುದನ್ನೇ ಲೆನ್ಸ್ ತಿರುಚಿಬಿಡಬಹುದು.

70-200 ಎಂ.ಎಂ. ಜೂಮ್ ಲೆನ್ಸನ್ನು ಪೂರ್ತಿ ಎಳೆದು ದೂರದಿಂದ ತೆಗೆದರೆ ನಲವತ್ತು ಜನವೂ ಕಿಕ್ಕಿರಿದ ಗುಂಪು. ಕಾರಣ ದೂರ: ಇಪ್ಪತ್ತೈದು ಮೀಟರ್ ಆಚೆಯಿಂದ ಮುಂದಿನ ಸಾಲು, ಹಿಂದಿನ ಸಾಲು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬರುತ್ತವೆ. 20 ಎಂ.ಎಂ.ನ ಅಗಲ ನೋಟದ ಲೆನ್ಸ್ ಹಾಕಿ ಎರಡಡಿಗೆ ನುಗ್ಗಿದರೆ ಉಲ್ಟಾ. ಮುಂದಿನವರ ಕೈ ದೊಡ್ಡದು, ಹಿಂದಿನವರು ಚದುರಿದ ಹಾಗೆ, ಅಂಚಿನ ಮುಖಗಳು ಹಿಗ್ಗಿ ವಿಕಾರ. ಒಂದೇ ಲೆನ್ಸ್ ಒಯ್ಯುವುದಾದರೆ ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಗೆ 35 ಎಂ.ಎಂ. ಎಫ್/1.8 ಸಾಕು (ಎಫ್ ಸಂಖ್ಯೆ ಅಂದರೆ ಬೆಳಕು ಬರುವ ಕಿಂಡಿ, ಅಪರ್ಚರ್‌ನ ಅಳತೆ; ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎರಡು ಮೀಟರ್ ದೂರದಲ್ಲಿ ಸುಮಾರು 35 ಸೆಂ.ಮೀ. ಆಳದಷ್ಟು ಫೋಕಸ್ ಸಿಗುತ್ತದೆ, ಮುಖವೂ ಬತ್ತಿಯೂ ಸ್ಪಷ್ಟ. ಅದೇ ದೂರ, ಅದೇ ಅಪರ್ಚರ್‌ನಲ್ಲಿ 85 ಎಂ.ಎಂ. ಕೊಡುವುದು ಸುಮಾರು 6 ಸೆಂ.ಮೀ. ಬತ್ತಿಗೆ ಫೋಕಸ್ ಕೂತರೆ ಕಣ್ಣು ಹೋಯಿತು. ಆಟೊಫೋಕಸ್ ಜ್ವಾಲೆಯ ಕಡೆಗೇ ಓಡುವುದರಿಂದ ಫೋಕಸ್ ಪಾಯಿಂಟನ್ನು ಕಣ್ಣಿನ ಮೇಲೆ ನೀವೇ ಇಡಿ.

ಎಕ್ಸ್‌ಪೋಶರ್ (ಒಳಬರುವ ಬೆಳಕಿನ ಪ್ರಮಾಣ) ಮ್ಯಾನುಯಲ್ ಇರಲಿ. ಜ್ವಾಲೆ ಫ್ರೇಮಿಗೆ ಬಂದಾಗ ಒಂದು, ಕತ್ತಲೆ ಬಂದಾಗ ಇನ್ನೊಂದು ಅಂತ ಬೆಳಕು ಅಳೆಯುವ ಮೀಟರ್ ಕುಣಿಯುತ್ತದೆ. ಕೆನ್ನೆಯ ಬೆಳಕನ್ನಷ್ಟೇ ಅಳೆದು (ಸ್ಪಾಟ್ ಮೀಟರ್), ಎಫ್/2, ಶಟರ್ 1/100 ಸೆಕೆಂಡ್, ಬೆಳಕಿನ ಸಂವೇದನೆ ಐ.ಎಸ್.ಒ. 3200ರಿಂದ ಶುರುಮಾಡಿ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/100 ಇಟ್ಟರೆ ಬೀದಿದೀಪದ ಮಿಣುಕು ಅಷ್ಟಾಗಿ ಕಾಡದು. ಮೌನಾಚರಣೆ ಅಂತ ಸೈಲೆಂಟ್ ಶಟರ್ ಹಾಕಿದರೆ ಕೆಲವು ಎಲ್‌ಇಡಿ ಬೆಳಕಲ್ಲಿ ಪಟ್ಟೆ ಬೀಳುತ್ತದೆ, ಒಂದು ಫ್ರೇಮ್ ತೆಗೆದು ದೊಡ್ಡದು ಮಾಡಿ ನೋಡಿ. ಫ್ಲ್ಯಾಶ್ ಬೇಡ, ಫೋಕಸ್‌ಗೆ ನೆರವಾಗುವ ಕೆಂಪು ದೀಪವನ್ನೂ ಆರಿಸಿ. ಲೆನ್ಸ್ ಮುಂದೆ ಹಾಕುವ ಯು.ವಿ. ಫಿಲ್ಟರ್ ಬಿಚ್ಚಿಡಿ. ಇಲ್ಲದಿದ್ದರೆ ಪ್ರತಿ ಜ್ವಾಲೆಗೂ ತಲೆಕೆಳಗಾದ ಇನ್ನೊಂದು ಜ್ವಾಲೆ ಆಕಾಶದಲ್ಲಿ ತೇಲುತ್ತದೆ. ಎಡಿಟಿಂಗ್‌ನಲ್ಲಿ ಅಳಿಸುವುದು ದೊಡ್ಡ ಕಿರಿಕಿರಿ.

ಬಣ್ಣಕ್ಕೆ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹೊಂದಾಣಿಕೆ, 2800 ಕೆಲ್ವಿನ್ ಆಸುಪಾಸು. ಪಕ್ಕದವರ ಮೊಬೈಲ್ ಟಾರ್ಚ್ ಬಿದ್ದರೆ ಅರ್ಧ ಮುಖ ಕಿತ್ತಳೆ, ಅರ್ಧ ನೀಲಿ. ಅದನ್ನು ಯಾವ ವೈಟ್ ಬ್ಯಾಲೆನ್ಸೂ ಸರಿಮಾಡದು, ಎರಡು ಹೆಜ್ಜೆ ಸರಿದು ನಿಲ್ಲಿ. ಹಾರ ಹಾಕಿದ ಭಾವಚಿತ್ರಕ್ಕೆ ಗಾಜು ಇದ್ದರೆ ನೇರ ಎದುರಿಗೆ ನಿಲ್ಲದೆ ಓರೆಯಿಂದ ತೆಗೆಯಿರಿ.

ಇನ್ನು ಇಡೀ ಸಭೆ ಕಾಣುವ ಒಂದು ಚಿತ್ರ ಬೇಕೇಬೇಕು. ಬೆಂಗಳೂರಿನಲ್ಲಿ ಈಗ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿರುವುದರಿಂದ ಟೌನ್‌ಹಾಲಿನ ಮೆಟ್ಟಿಲ ಎತ್ತರ ಸಿಗುವುದಿಲ್ಲ. ಮಾನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ತುದಿಗೆ ಕ್ಯಾಮೆರಾ ಸಿಕ್ಕಿಸಿ, 24 ಎಂ.ಎಂ., ಎಫ್/2.8, ಹತ್ತು ಸೆಕೆಂಡ್ ಟೈಮರ್ ಇಟ್ಟು ತಲೆಯ ಮೇಲೆ ಎತ್ತಿ. ಕೈ ಅಲುಗುತ್ತದೆ, ಶಟರ್ ವೇಗವನ್ನು 1/100ಕ್ಕಿಂತ ಕೆಳಗೆ ಇಳಿಸಬೇಡಿ.