ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳೋ ಮೊದಲು, ಎಲ್ಲಿ ಎಣಿಸಿದ್ದು ಅಂತ ಕೇಳಿ

ಸಂಶೋಧಕರ ಕೆಲಸದ ಅರ್ಜಿಯಲ್ಲಿ ಒಂದು ಪುಟ್ಟ ಚೌಕ, ಪಕ್ಕದಲ್ಲಿ ‘ಎಚ್-ಇಂಡೆಕ್ಸ್’, ಅಂದರೆ ಒಬ್ಬರ ಪೇಪರ್‌ಗಳನ್ನ ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನೋದರಿಂದ ತೆಗೆಯೋ ಒಂದು ಸಂಖ್ಯೆ. ಯಾವ ಡೇಟಾಬೇಸ್, ಯಾವ ತಾರೀಖಿನ ಲೆಕ್ಕ, ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿದ್ದು ಸೇರಿಸಿಯೋ ಬಿಟ್ಟೋ, ಒಂದನ್ನೂ ಕೇಳಲ್ಲ. ಹದಿನೈದು ವರ್ಷದ ದುಡಿಮೆಯನ್ನ ಆ ಚೌಕದೊಳಗೆ ತುರುಕಿ, 11ಕ್ಕಿಂತ 14 ದೊಡ್ಡದು ಅಂತ ಒಬ್ಬರನ್ನ ಒಳಗೆ ಕರೀತಾರೆ, ಇನ್ನೊಬ್ಬರಿಗೆ ಬಾಗಿಲು ಹಾಕ್ತಾರೆ. ಹೊಟ್ಟೆ ಉರಿಯುತ್ತೆ.

ಉಲ್ಲೇಖ ಎಣಿಸೋ ಡೇಟಾಬೇಸ್‌ಗಳು ಹಲವು. ಆ 11 ಗೂಗಲ್ ಸ್ಕಾಲರ್‌ದೋ ಸ್ಕೋಪಸ್‌ದೋ? ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರೀಪ್ರಿಂಟ್ (ಜರ್ನಲ್‌ನಲ್ಲಿ ಬರೋ ಮುಂಚೆ ಹಂಚಿದ ಕರಡು), ಪುಸ್ತಕ, ಎಲ್ಲೋ ಬಿದ್ದಿರೋ ಪಿಡಿಎಫ್, ಎಲ್ಲವನ್ನೂ ಬಾಚಿಕೊಳ್ಳುತ್ತೆ, ಹಾಗಾಗಿ ಸಾಮಾನ್ಯವಾಗಿ ಅಲ್ಲೇ ಸಂಖ್ಯೆ ಜಾಸ್ತಿ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಆಯ್ದ ಪ್ರಕಟಣೆಗಳನ್ನಷ್ಟೇ ನೋಡುತ್ತವೆ. ಒಬ್ಬರದನ್ನ ಇಲ್ಲಿಂದ, ಇನ್ನೊಬ್ಬರದನ್ನ ಅಲ್ಲಿಂದ ತಗೊಂಡು ಹೋಲಿಸೋದು ಒಂದು ಚೀಲವನ್ನ ಸೇರಲ್ಲಿ, ಇನ್ನೊಂದನ್ನ ಕಿಲೋದಲ್ಲಿ ತೂಗಿದ ಹಾಗೆ.

ಲೆಕ್ಕ ಹಾಕೋದು ಹೇಗೆ ಅಂತಾದರೂ ಗೊತ್ತಿರಬೇಕಲ್ಲ. ಪೇಪರ್‌ಗಳನ್ನ ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ: 300, 40, 5, 4, 3. ಎಷ್ಟನೆಯ ಪೇಪರ್‌ವರೆಗೆ ಕನಿಷ್ಠ ಅಷ್ಟು ಉಲ್ಲೇಖ ಇದೆಯೋ, ಅದೇ ಸಂಖ್ಯೆ. ನಾಲ್ಕನೆಯದಕ್ಕೆ 4 ಉಲ್ಲೇಖ ಇದೆ, ಐದನೆಯದಕ್ಕೆ 5 ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ಇನ್ನೊಬ್ಬರದು 5, 5, 5, 5, 5. ಅವರದು 5. ಒಟ್ಟು 352 ಉಲ್ಲೇಖ ಇರೋರು ಕೆಳಗೆ, 25 ಇರೋರು ಮೇಲೆ! ಈ ಸೂಚ್ಯಂಕವನ್ನ 2005ರ ಪೇಪರಲ್ಲಿ ಕೊಟ್ಟ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅವರೇ, ಒಂದು ಸಂಖ್ಯೆ ಒಬ್ಬ ವ್ಯಕ್ತಿಯ ಒರಟು ಅಂದಾಜನ್ನಷ್ಟೇ ಕೊಡಬಲ್ಲದು ಅಂತ ಆ ಪೇಪರಲ್ಲೇ ಬರೆದಿದ್ದಾರೆ. ಸೂತ್ರವನ್ನ ತಗೊಂಡರು, ಎಚ್ಚರಿಕೆಯನ್ನ ಬಿಟ್ಟರು.

ಅದಕ್ಕಿಂತ ಸಿಟ್ಟು ತರಿಸೋದು ಡೇಟಾಬೇಸ್‌ಗಳಲ್ಲಿ ಒಬ್ಬೊಬ್ಬ ಸಂಶೋಧಕರಿಗೂ ಇರೋ ಪ್ರೊಫೈಲ್‌ಗಳ ಅವ್ಯವಸ್ಥೆ. ಒಂದು ಪೇಪರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮಧ್ಯೆ ಸಂಸ್ಥೆ ಬದಲಾಗಿದೆ. ಸ್ಕೋಪಸ್ ಒಬ್ಬರನ್ನೇ ಇಬ್ಬರು ಮಾಡಿ ಎರಡು ಐಡಿ ಕೊಟ್ಟುಬಿಡಬಹುದು. ತಲಾ 12 ಉಲ್ಲೇಖ ಇರೋ 12 ಪೇಪರ್ ಇದ್ದರೆ ಸೂಚ್ಯಂಕ 12. ಅವು 7 ಮತ್ತು 5 ಆಗಿ ಒಡೆದರೆ ಒಂದು ಐಡಿಯಲ್ಲಿ 7, ಇನ್ನೊಂದರಲ್ಲಿ 5. ಆಯ್ಕೆ ಸಮಿತಿಯವರು ಮೊದಲು ಕಂಡದ್ದನ್ನ ನೋಡಿ ಮುಂದೆ ಹೋಗ್ತಾರೆ. ಎರಡೂ ಐಡಿ ಆಯ್ದು ಒಂದು ಮಾಡಿ ಅಂತ ಸ್ಕೋಪಸ್‌ಗೆ ಕೋರಿಕೆ ಕಳಿಸಬೇಕು, ಸಂಶೋಧಕರನ್ನ ಗುರುತಿಸೋ 16 ಅಂಕಿಯ ಆರ್ಕಿಡ್ (ORCID) ಐಡಿಯನ್ನೂ ಜೋಡಿಸಬೇಕು. ಗೂಗಲ್ ಸ್ಕಾಲರ್‌ನಲ್ಲಿ ಕಾಟ ಉಲ್ಟಾ: ಅದೇ ಹೆಸರಿನ ಬೇರೆಯವರ ಪೇಪರ್ ತಾನಾಗೇ ಬಂದು ಸೇರುತ್ತೆ. ಸ್ವಯಂಚಾಲಿತ ಸೇರ್ಪಡೆ ಆಫ್ ಮಾಡಿ, ಇಮೇಲಲ್ಲಿ ಕೇಳಿ ಸೇರಿಸೋ ಆಯ್ಕೆ ಹಾಕಿಕೊಳ್ಳಿ. ಪ್ರೀಪ್ರಿಂಟ್ ಒಂದು ಸಾಲು, ಜರ್ನಲ್ ರೂಪ ಇನ್ನೊಂದು ಸಾಲು ಆಗಿ ಉಲ್ಲೇಖ ಹಂಚಿಹೋಗಿದ್ದರೆ ಎರಡಕ್ಕೂ ಟಿಕ್ ಹಾಕಿ ಮರ್ಜ್ ಒತ್ತಿ. ಸ್ವಂತ ಉಲ್ಲೇಖ ಕಳೆದು ನೋಡೋ ಸೌಲಭ್ಯ ಸ್ಕೋಪಸ್‌ನಲ್ಲಿದೆ, ಸ್ಕಾಲರ್ ಪ್ರೊಫೈಲಲ್ಲಿ ಇಲ್ಲ. ಇಷ್ಟೆಲ್ಲ ರಿಪೇರಿ ಸಂಶೋಧಕರೇ ಮಾಡಬೇಕು. ಮಾಡದಿದ್ದರೆ ಪೆಟ್ಟು ಅವರಿಗೇ.

ಇನ್ನು ‘ಸಹಯೋಗ’ಕ್ಕೆ, ಅಂದರೆ ಹಲವರು ಸೇರಿ ಬರೆದ ಪೇಪರಿಗೆ, ಅಂಕ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿ ಬಗ್ಗೆ ಬಂದ ಪೇಪರಿಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಲೇಖಕರು ಮತ್ತವರ ಸಂಸ್ಥೆಗಳ ಪಟ್ಟಿಯೇ. ಆ ಪ್ರಯೋಗಕ್ಕೆ ಅಷ್ಟು ಜನ ಬೇಕೇ ಬೇಕು, ತಕರಾರಿಲ್ಲ. ಆದರೆ ಅದರ ಒಂದೊಂದು ಉಲ್ಲೇಖವನ್ನೂ 5,154 ಜನರಿಗೂ ಪೂರ್ತಿಯಾಗಿ ಬರೆದು, ಒಂಟಿಯಾಗಿ ಪ್ರಮೇಯ ಸಾಧಿಸಿದ ಗಣಿತಜ್ಞೆಯ ಪಕ್ಕ ನಿಲ್ಲಿಸೋದು ಯಾವ ನ್ಯಾಯ? ಲೇಖಕರ ಸಂಖ್ಯೆಯಿಂದ ಭಾಗಿಸೋ ಲೆಕ್ಕ ಇದೆ: 100 ಉಲ್ಲೇಖ, 5 ಜನ, ತಲಾ 20. ಅದೂ ಪರಿಪೂರ್ಣವಲ್ಲ, ದುಡಿದವರಿಗೂ ಹೆಸರು ಸೇರಿಸಿಕೊಂಡವರಿಗೂ ಸಮಪಾಲು ಕೊಡುತ್ತೆ.

ಮೊದಲ ಲೇಖಕರಿಗೆ ಹೆಚ್ಚು ಅಂಕ ಅನ್ನೋ ನಿಯಮವಂತೂ ಶುದ್ಧ ಅಜ್ಞಾನ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸದ ಹೆಚ್ಚಿನ ಪಾಲು ಮಾಡಿದವರದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ಗಣಿತದಲ್ಲಿ ಹೆಸರು ಬರೋದು ಅಕ್ಷರಕ್ರಮದಲ್ಲಿ. ಅಡ್ಡಹೆಸರು ಝಡ್‌ನಿಂದ ಶುರುವಾದವರು ಏನು ಪಾಪ ಮಾಡಿದ್ದರು?

ಉಲ್ಲೇಖ ಅಂದರೆ ಮೆಚ್ಚುಗೆ ಅಂತಲೂ ಅಲ್ಲ. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಹಾಕೋ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ, ವೈದ್ಯ ವೇಕ್‌ಫೀಲ್ಡ್ ಅವರ 1998ರ ಪೇಪರನ್ನ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನ ತಪ್ಪು ಅಂತ ತೋರಿಸಲು ಹೆಸರಿಸಿದವರ ಉಲ್ಲೇಖವೂ ಲೆಕ್ಕದಲ್ಲಿ +1. ಇನ್ನೊಂದೆಡೆ, ಪ್ರೋಟೀನ್ ಅಳೆಯೋ ವಿಧಾನ ಹೇಳಿದ ಲೌರಿಯವರ 1951ರ ಪೇಪರಿಗೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖ, ಯಾಕಂದರೆ ಆ ವಿಧಾನ ಬಳಸಿದವರೆಲ್ಲ ಅದನ್ನ ಬರೆಯಬೇಕಿತ್ತು. ಎಣಿಕೆಗೆ ಈ ವ್ಯತ್ಯಾಸ ಕಾಣಲ್ಲ, ಓದಿದರೆ ಕಾಣುತ್ತೆ.

ಆ ಚೌಕ ತೆಗೆಯಕ್ಕೆ ಆಗಲ್ಲ ಅಂತಾದರೆ ಅದರ ಕೆಳಗೆ ಡೇಟಾಬೇಸ್ ಹೆಸರು, ತಾರೀಖು ಬರೆಯಲು ಜಾಗ ಕೊಡಿ. ಆಮೇಲೆ ಸಂಶೋಧಕರೇ ಆರಿಸಿದ ಐದು ಪೇಪರ್ ಕೇಳಿ, ಒಂದೊಂದರಲ್ಲೂ ಅವರು ಮಾಡಿದ್ದೇನು ಅಂತ ಎರಡೆರಡು ಸಾಲು ಬರೆಸಿ: ಪ್ರಯೋಗವೋ, ವಿಶ್ಲೇಷಣೆಯೋ, ಸಾಫ್ಟ್‌ವೇರೋ, ಬರವಣಿಗೆಯೋ. ಸಂದರ್ಶನಕ್ಕೆ ಕೂರೋ ಮುಂಚೆ ಆ ಐದರಲ್ಲಿ ಎರಡನ್ನಾದರೂ ಪೂರ್ತಿ ಓದಿಕೊಂಡು ಬನ್ನಿ.