ಗೆರೆ ಎಲ್ಲಿ ನಿಲ್ಲಬೇಕು?

ಮನಸ್ಸು ತಿಳಿಯಾಗಲಿ ಅಂತ ಒಂದೊಂದೇ ಗೆರೆ ಎಳೆದು, ಸಣ್ಣ ವಿನ್ಯಾಸಗಳನ್ನ ಮತ್ತೆ ಮತ್ತೆ ತುಂಬಿ ಬರೆಯೋ ಝೆನ್‌ಟ್ಯಾಂಗಲ್ ಚಿತ್ರಕ್ಕೆ ಆಳ ಬರೋದು ಪೆನ್ಸಿಲ್ ನೆರಳಿನಿಂದ ಅಂತ ಬಹಳ ಜನ ನಂಬಿದ್ದಾರೆ. ನಾನು ಒಪ್ಪಲ್ಲ. ಪದರದ ಹಿಂದೆ ಪದರ ಕಾಣೋದು ಪೆನ್ನಿನ ಗೆರೆ ಸರಿಯಾದ ಕಡೆ ನಿಂತಾಗ. ನೆರಳು ಅದನ್ನ ಎತ್ತಿ ತೋರಿಸುತ್ತೆ, ಅಷ್ಟೇ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ರಿಕ್ ರಾಬರ್ಟ್ಸ್ ಮತ್ತು ಅಕ್ಷರ ಕಲಾವಿದೆ ಮರಿಯಾ ಥಾಮಸ್ ಸೇರಿ ರೂಪಿಸಿದ ಪದ್ಧತಿ ಇದು. ಮೂರೂವರೆ ಇಂಚಿನ ಚೌಕದ ಕಾಗದ, ಅದನ್ನೇ ಟೈಲ್ ಅನ್ನೋದು. 01 ನಂಬರಿನ ಪಿಗ್ಮಾ ಮೈಕ್ರಾನ್ ಅನ್ನೋ ಸಣ್ಣ ತುದಿಯ ಪೆನ್, ಪೆನ್ಸಿಲ್, ನೆರಳು ತೀಡಲು ಕಾಗದ ಸುತ್ತಿ ಮಾಡಿದ ಕಡ್ಡಿ. ರಬ್ಬರ್ ಬಳಸೋ ಹಾಗಿಲ್ಲ. ನಾಲ್ಕು ಮೂಲೆಗೆ ಪೆನ್ಸಿಲ್ ಚುಕ್ಕಿ, ಅವನ್ನ ಸೇರಿಸೋ ಅಂಚು, ಒಳಗೆ ಕೈಗೆ ಬಂದ ಹಾಗೆ ಹರಿದಾಡೋ ಒಂದು ಗೆರೆ. ಅದಕ್ಕೆ ಸ್ಟ್ರಿಂಗ್ ಅಂತಾರೆ. ಅದರಿಂದ ಆದ ಭಾಗಗಳಲ್ಲಿ ಪೆನ್ನಿನಿಂದ ವಿನ್ಯಾಸ ತುಂಬಬೇಕು.

ಪದರ ಕಲಿಯೋಕೆ ಹೊಲಿಬಾ ಅನ್ನೋ ವಿನ್ಯಾಸದಿಂದಲೇ ಶುರು ಮಾಡಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜೋಡಿ ಗೆರೆ ಎಳೆದರೆ ಒಂದು ಪಟ್ಟಿ. ಎರಡನೇ ಪಟ್ಟಿಯನ್ನ ಬೇರೆ ಓರೆಯಲ್ಲಿ ಎಳೀರಿ. ಮೊದಲ ಪಟ್ಟಿ ಸಿಕ್ಕ ಕೂಡಲೇ ಪೆನ್ ಎತ್ತಿ, ಅದನ್ನ ದಾಟಿ, ಆಚೆ ಕಡೆ ಅದೇ ನೇರಕ್ಕೆ ಮುಂದುವರಿಸಿ. ಮೂರನೆಯದು ಎರಡರ ಹಿಂದೆಯೂ ಹೋಗಬೇಕು. ಅಂದ್ರೆ ಎಲ್ಲಕ್ಕಿಂತ ಮುಂದಿರೋದನ್ನ ಮೊದಲು ಬರೆಯೋದು. ಇಲ್ಲಿ ಎಲ್ಲರಿಗೂ ಆಗೋ ಎಡವಟ್ಟು ಅಂದ್ರೆ, ಆಚೆ ಕಡೆ ಗೆರೆ ಪಕ್ಕಕ್ಕೆ ಸರಿದು ಬರೋದು. ಕಣ್ಣು ಪೆನ್ನಿನ ತುದಿ ಮೇಲಿರುತ್ತೆ, ಅದಕ್ಕೇ ಹಾಗಾಗೋದು. ಗೆರೆ ಹೋಗಿ ಮುಟ್ಟಬೇಕಾದ ಅಂಚನ್ನ ನೋಡುತ್ತಾ ಎಳೀರಿ, ಸರಿಹೋಗುತ್ತೆ. ಐದಾರು ಪಟ್ಟಿ ಸಾಕು. ಅತಿಯಾದರೆ ನಡುವಿನ ಜಾಗವೇ ಉಳಿಯಲ್ಲ, ಆ ಜಾಗಕ್ಕೆ ತುಂಬೋ ಕಪ್ಪಿನಿಂದ ತಾನೇ ಪಟ್ಟಿಗಳು ಮೇಲೆದ್ದು ಕಾಣೋದು!

ನೆರಳು ಕೊನೆಗೆ, ಇಂಕು ಪೂರ್ತಿ ಒಣಗಿದ ಮೇಲೆ. ಹಿಂದೆ ಇರೋ ಪಟ್ಟಿ ಮುಂದಿರೋದರ ಅಡಿಗೆ ಎಲ್ಲಿ ನುಸುಳುತ್ತೋ ಅಲ್ಲಿ, ಆ ಹಿಂದಿರೋ ಪಟ್ಟಿಗೇ ಎರಡೂ ಬದಿಯಲ್ಲಿ ಸ್ವಲ್ಪ ಪೆನ್ಸಿಲ್ ಹಚ್ಚಿ, ಕಡ್ಡಿಯಿಂದ ಆಚೆಗೆ ತೀಡಿ. ಆ ಜಾಗದಲ್ಲಿ ಮುಂದೆ ಇರೋ ಪಟ್ಟಿಗೆ ಹಚ್ಚಿದರೆ ಅದೇ ಹಿಂದೆ ಸರಿದ ಹಾಗೆ ಕಂಡು ಎಲ್ಲ ಚಪ್ಪಟೆ. ಪೆನ್ಸಿಲ್ ಪುಡಿಯ ಮೇಲೆ ಮತ್ತೆ ಪೆನ್ ಓಡಿಸಬೇಡಿ, ನಿಬ್ಬು ಕಟ್ಟಿಕೊಳ್ಳುತ್ತೆ. ಒತ್ತಿ ಬರೆದರೂ ಹಾಳು: ಸಣ್ಣ ತುದಿ ಲೋಹದ ಕೊಳವೆಯೊಳಗೆ ಕುಸಿದು ಗೆರೆ ಕೆರೆದಂತೆ ಬರುತ್ತೆ. ಕೈ ತಿರುಗಿಸೋ ಬದಲು ಟೈಲನ್ನೇ ತಿರುಗಿಸಿ.

ಇದನ್ನ ಕಲಿಸೋ ವೇಗದ ವಿಡಿಯೋ ಜೊತೆ ಓಡೋದನ್ನ ಮಾತ್ರ ದಯವಿಟ್ಟು ಬಿಡಿ. ಮನಸ್ಸು ತಿಳಿಯಾಗೋದು ಒಂದೊಂದೇ ಗೆರೆಗೆ ಗಮನ ಕೊಟ್ಟಾಗ. ವಿಡಿಯೋ ಹಿಂದೆ ಓಡ್ತಾ ಇದ್ದರೆ ಅದಕ್ಕೆ ಪುರುಸೊತ್ತೆಲ್ಲಿ?

ದುಬಾರಿ ಟೈಲ್ ಬೇಡ ಅನ್ನೋರು 200 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಕಾಗದದ ಅಳತೆ) ದಪ್ಪದ, ನುಣುಪಾದ ಡ್ರಾಯಿಂಗ್ ಹಾಳೆ ತಗೊಳ್ಳಿ. ಒಂದು ಎ4 ಹಾಳೆಯಲ್ಲಿ 9 ಸೆಂ.ಮೀ.ನ 6 ಚೌಕ ಬರುತ್ತವೆ. ಜೆರಾಕ್ಸ್ ಹಾಳೆ ಬೇಡ, ಕಡ್ಡಿ ತೀಡಿದರೆ ಅದರ ಮೈ ಕಿತ್ತು ಬರುತ್ತೆ.