ಪ್ಯಾಡ್ ಎಷ್ಟು ಹೊತ್ತು ಬರುತ್ತೆ?

ಈ ಸಲ ರೋಬಸ್ಟಾ ಕಾಫಿ ಕುಯ್ಲಿನ ಹೊತ್ತಲ್ಲಿ ನಮ್ಮ ತೋಟದಲ್ಲಿ ಒಬ್ಬಳು ಹುಡುಗಿ ಗಿಡದ ಬುಡದಲ್ಲೇ ಕೂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. ಏನಾಯ್ತು ಅಂತ ಕೇಳಿದರೆ "ಏನಿಲ್ಲ ಅಕ್ಕಾ, ತಿಂಗಳದ್ದು" ಅಂದಳು. ಜೊತೆಯವರು ಬೆಲ್ಲದ ಕಾಫಿ ಕೊಟ್ಟರು. ಕುಡಿದು ಸ್ವಲ್ಪ ಹೊತ್ತಿಗೇ ಮತ್ತೆ ಚೀಲ ಹಿಡಿದಳು. ಕುಯ್ಲಿನ ಕೂಲಿ ಕಿಲೋ ಲೆಕ್ಕ. ಕೂತರೆ ಕಾಸಿಲ್ಲ.

ಅವಳನ್ನು ನೋಡಿ ನನ್ನದೇ ನೆನಪಾಯಿತು. ಮೂವತ್ತು ದಾಟಿದ ಮೇಲೆ ನನಗೆ ಮನೆಯಿಂದ ಕಣಕ್ಕೆ ಹತ್ತಿದರೂ ಏದುಸಿರು. ದಪ್ಪ ಆಗಿದ್ದೀನಿ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಎರಡು ಕಡೆ ತೋರಿಸಿದೆ, ಟಾನಿಕ್ ಬರೆದುಕೊಟ್ಟು ಕಳಿಸಿದರು. ಕೊನೆಗೆ ಮಡಿಕೇರಿಯಲ್ಲಿ ಒಬ್ಬರು ಡಾಕ್ಟರಮ್ಮ ಮೊದಲು ಕೇಳಿದ್ದೇ, "ಒಂದು ಪ್ಯಾಡ್ ಎಷ್ಟು ಹೊತ್ತು ಬರುತ್ತಮ್ಮ?" ಅಂತ. ಒಂದೂವರೆ ಗಂಟೆ ಅಂದೆ. ಎಲ್ಲರಿಗೂ ಹಾಗೇ ಅಂತ ಅಂದುಕೊಂಡಿದ್ದೆ. ಹಿಮೋಗ್ಲೋಬಿನ್ ನೋಡಿದರೆ 7.6. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಾಣಿಸಿತು. ಹದಿನೈದು ವರ್ಷ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನ್ನ ಅಮ್ಮನೂ ಕೇಳಿರಲಿಲ್ಲ.

ನಮ್ಮಲ್ಲಿ ಹೊಟ್ಟೆನೋವಿನ ಬಗ್ಗೆಯಾದರೂ ಪಿಸುಮಾತಲ್ಲಿ ಮಾತಾಡುತ್ತೇವೆ. ರಕ್ತ ಎಷ್ಟು ಹೋಗುತ್ತೆ ಅನ್ನೋದನ್ನು ಬಾಯಿಬಿಟ್ಟು ಹೇಳೋದೇ ಇಲ್ಲ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬುತ್ತಿದ್ದರೆ, ಏಳು ದಿನ ದಾಟಿದರೆ, ಹೆಪ್ಪುಗಟ್ಟಿದ ರಕ್ತ ದೊಡ್ಡ ದೊಡ್ಡ ಉಂಡೆಯಾಗಿ ಬಿದ್ದರೆ ಅದು ಜಾಸ್ತಿಯೇ. ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆಗಳಿವೆ, ಬೇರೆ ದಾರಿಗಳೂ ಇವೆ. ಗರ್ಭಕೋಶ ತೆಗೆಸೋದೊಂದೇ ದಾರಿ ಅಂತ ಹೆದರಿ ಮನೆಯಲ್ಲೇ ಕೂರಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ರಕ್ತ ಹೋದ ಹಾಗೆ ಮೈಯಲ್ಲಿರುವ ಕಬ್ಬಿಣವೂ ಹೋಗುತ್ತೆ, ಹಿಮೋಗ್ಲೋಬಿನ್ ಇಳಿಯೋದು ಅದಕ್ಕೇ. ಇನ್ನು ನಮ್ಮ ಕಾಫಿಯ ವಿಷಯ. ಕೊಡಗಿನವಳಾಗಿ ಇದನ್ನು ಹೇಳೋದಕ್ಕೆ ನನಗೂ ಕಷ್ಟವೇ. ಸೊಪ್ಪು, ಕಾಳಿನಿಂದ ಬರುವ ಕಬ್ಬಿಣ ಮೈಗೆ ಸೇರೋದನ್ನು ಕಾಫಿ, ಟೀ ಎರಡೂ ಕಡಿಮೆ ಮಾಡುತ್ತವೆ. ನಾವು ತಿಂಡಿ ತಿಂದ ಕೈಗೇ ಲೋಟ ಹಿಡಿಯುವವರು. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಊಟ ಆದ ತಕ್ಷಣ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಟೀ. ನಾನಂತೂ ಕಬ್ಬಿಣದ ಮಾತ್ರೆಯನ್ನೇ ಕಾಫಿ ಜೊತೆ ನುಂಗುತ್ತಿದ್ದೆ! ಕಾಫಿ ಬಿಡಬೇಕಿಲ್ಲ. ಊಟದಿಂದಲೂ ಮಾತ್ರೆಯಿಂದಲೂ ಕಾಫಿಯನ್ನು ಒಂದೆರಡು ಗಂಟೆ ದೂರ ಇಟ್ಟರೆ ಸಾಕು. ಮಾತ್ರೆ ಜೊತೆ ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಇಲ್ಲಾಂದ್ರೆ ನಮ್ಮ ಕಿತ್ತಳೆ ತಿನ್ನಿ, ಕಬ್ಬಿಣ ಚೆನ್ನಾಗಿ ಸೇರುತ್ತೆ. ಕಕ್ಕಸು ಕಪ್ಪಗಾಗುತ್ತೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿ ಹೋದ ಮೇಲೂ ಡಾಕ್ಟರು ಮೂರು ತಿಂಗಳು ನನಗೆ ಮಾತ್ರೆ ನಿಲ್ಲಿಸಲು ಬಿಡಲಿಲ್ಲ. ಈ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ನೋವಿಗೆ ಬೆಲ್ಲದ ಕಾಫಿಗಿಂತ ಬಿಸಿನೀರಿನ ಬ್ಯಾಗೇ ಮೇಲು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಕಿಬ್ಬೊಟ್ಟೆ ಮೇಲೆ ಇಟ್ಟುಕೊಂಡರೂ ಆಗುತ್ತದೆ. ಮುಟ್ಟಿನ ಹೊತ್ತಲ್ಲಿ ಗರ್ಭಕೋಶದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನೋ ವಸ್ತು ಹುಟ್ಟಿ ಅದನ್ನು ಹಿಂಡುತ್ತೆ, ನೋವು ಅದರದ್ದೇ. ಮೆಫೆನಮಿಕ್, ಐಬುಪ್ರೊಫೆನ್ ಥರದ ಮಾತ್ರೆ ಅದು ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಹಾಗಾಗಿ ನೋವು ಶುರುವಾಗುವಾಗಲೇ, ಏನಾದರೂ ತಿಂದು ತೆಗೆದುಕೊಳ್ಳಬೇಕು. ತಡೆದೂ ತಡೆದೂ ಒದ್ದಾಡುವಾಗ ನುಂಗಿದರೆ ಅಷ್ಟು ಕೆಲಸ ಮಾಡಲ್ಲ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮಾತ್ರೆಗೂ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. "ಮದುವೆ ಆದರೆ ಸರಿ ಹೋಗುತ್ತೆ" ಅಂತ ದಯವಿಟ್ಟು ಯಾವ ಹುಡುಗಿಗೂ ಹೇಳಬೇಡಿ.

ಮಳೆಗಾಲದ ಕಷ್ಟ ಬೇರೆಯೇ. ಜೂನ್‌ನಿಂದ ಬಿಸಿಲು ಕಾಣಲ್ಲ. ಬಟ್ಟೆ ಬಳಸುವವರು ಅದನ್ನು ಸೀರೆಯ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುತ್ತಾರೆ, ಅದು ಒಣಗುವುದೇ ಇಲ್ಲ. ಹಸಿ ಬಟ್ಟೆಯಿಂದ ತುರಿಕೆ, ತೊಡೆಸಂದಿ ಉರಿ. ಎಲ್ಲರ ಬಟ್ಟೆಯ ಜೊತೆ ಒಲೆ ಹತ್ತಿರ ಹಾಕಿ, ಆಮೇಲೆ ಇಸ್ತ್ರಿ ಮಾಡಿ. ಅದರಲ್ಲಿ ನಾಚಿಕೆ ಏನಿದೆ? ತೋಟದೊಳಗೆ ಶೌಚಾಲಯ ಇಲ್ಲದ ಕಡೆ ಇಡೀ ದಿನ ಒಂದೇ ಪ್ಯಾಡ್‌ನಲ್ಲಿ ಇರುತ್ತಾರೆ. ಒಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮುಟ್ಟಿನ ಕಪ್ ಆದರೆ 12 ಗಂಟೆವರೆಗೆ ಇಟ್ಟುಕೊಳ್ಳಬಹುದು, ಆದರೆ ತುಂಬಾ ಹೋಗುವವರಿಗೆ ಬೇಗ ತುಂಬುತ್ತೆ, ಕೈ ತೊಳೆಯಲು ನೀರೂ ಬೇಕು.

2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಪ್ಲಾಂಟೇಶನ್ ಕಾಯ್ದೆಯಡಿ ಬರುವ ತೋಟಗಳ ಹೆಸರೂ ಅದರಲ್ಲಿದೆ. ನನಗೆ ತುಂಬಾ ಖುಷಿಯಾಯಿತು. ಆದರೆ ಕಿಲೋ ಲೆಕ್ಕದಲ್ಲಿ ಕುಯ್ಯಲು ಬರುವವಳಿಗೆ ಸಂಬಳವೇ ಇಲ್ಲವಲ್ಲ, ಅವಳ ರಜೆಯ ಕೂಲಿ ಯಾರು ಕೊಡಬೇಕು? ತೋಟದವರಾದ ನಾವೇ ಕೊಡಬೇಕು ಅಂತ ನನ್ನ ಅಭಿಪ್ರಾಯ. ಮುಂದಿನ ಕುಯ್ಲಿಗೆ ಕೊಡೋದು ಅಂತ ಮನೆಯಲ್ಲಿ ಮಾತಾಡಿ ಒಪ್ಪಿಸಿದ್ದೇನೆ.

ಆ ಹುಡುಗಿಯನ್ನು ಅವತ್ತು ಸಂಜೆ ಕರೆದು ಅದೇ ಪ್ರಶ್ನೆ ಕೇಳಿದೆ. ತಲೆ ತಗ್ಗಿಸಿಕೊಂಡೇ "ಎರಡು ಗಂಟೆ ಅಕ್ಕಾ" ಅಂದಳು. ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಹಿಮೋಗ್ಲೋಬಿನ್ 8 ಇತ್ತು. ಈಗ ಚಿಕಿತ್ಸೆ ನಡೀತಿದೆ. ತೋಟದಲ್ಲಿ ತಿಂಡಿ ಜೊತೆ ಕೊಡುತ್ತಿದ್ದ ಕಾಫಿಯನ್ನು ಹನ್ನೊಂದೂವರೆಗೆ ತಳ್ಳಿದ್ದೇವೆ.